ಕಂಬದ ಕೆಳಗೆ ಒಬ್ಬನೇ ಇರಲಿಲ್ಲ

ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮದ್ರಾಸ್ ಹೈಕೋರ್ಟಿನ ಮೊದಲ ಭಾರತೀಯ ನ್ಯಾಯಾಧೀಶ ಟಿ. ಮುತ್ತುಸ್ವಾಮಿ ಅಯ್ಯರ್ ಬಗ್ಗೆ ಅದನ್ನು ಹೇಳುತ್ತಾರೆ, ಕಲ್ಕತ್ತೆಯ ಈಶ್ವರಚಂದ್ರ ವಿದ್ಯಾಸಾಗರರ ಬಗ್ಗೆ ಹೇಳುತ್ತಾರೆ. ನಮ್ಮ ವಿಶ್ವೇಶ್ವರಯ್ಯನವರ ಬಗ್ಗೆಯಂತೂ ಹೇಳದ ಮೇಷ್ಟ್ರೇ ಇಲ್ಲ. ಎಲ್ಲ ಕಥೆಗಳಲ್ಲೂ ಚಿತ್ರ ಒಂದೇ: ಒಂದು ಕಂಬ, ಒಂದು ದೀಪ, ಒಬ್ಬ ಹುಡುಗ. ಮುಂಬಯಿಯ ಗಿರಣಿ ಪ್ರದೇಶದ ಚರಿತ್ರೆ ಗೊತ್ತಿರುವವರು ಈ ಚಿತ್ರವನ್ನು ಸುಲಭಕ್ಕೆ ಒಪ್ಪುವುದಿಲ್ಲ. ಅಲ್ಲಿ ಕಂಬದ ಕೆಳಗೆ ಕೂತವರು ಗುಂಪಾಗಿಯೇ ಕೂತರು. ಅದರಲ್ಲೂ ನಾಳೆಯ ಪರೀಕ್ಷೆ ವಿಜ್ಞಾನದ್ದಾಗಿದ್ದರೆ.

ವರಳಿಯಲ್ಲಿ ಸುದಾಮ ಕಾಳು ಅಹಿರೆ ಮಾರ್ಗ ಎಂಬ ರಸ್ತೆಯಿದೆ. ಆ ಹೆಸರು ಹೇಳಿ ದಾರಿ ಕೇಳಿದರೆ ಟ್ಯಾಕ್ಸಿಯವನೂ ತಡವರಿಸಬಹುದು. ‘ಅಭ್ಯಾಸ ಗಲ್ಲಿ’ ಎಂದರೆ ಸಾಕು. ಮರಗಳ ಸಾಲು, ಕಡಿಮೆ ವಾಹನ, ರಾತ್ರಿಯಿಡೀ ದೀಪ. ಸುತ್ತಲಿನ ಚಾಳುಗಳ ಮಕ್ಕಳು ಹಲವು ದಶಕಗಳಿಂದ ಅಲ್ಲಿ ಫುಟ್‌ಪಾತಿನ ಮೇಲೆ ಕೂತು ಓದುತ್ತಾ ಬಂದಿದ್ದಾರೆ.

ಯಾಕೆ ಹೊರಗೆ ಬಂದರು ಎನ್ನುವುದಕ್ಕೆ ಉತ್ತರ 160 ಚದರ ಅಡಿ. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಎಂಬ ಇಲಾಖೆ ಹುಟ್ಟಿತು. ಅದು ಕಾರ್ಮಿಕರಿಗಾಗಿ ವರಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ ಕಟ್ಟಿದ 207 ಕಟ್ಟಡಗಳೇ ಬಿ.ಡಿ.ಡಿ. ಚಾಳುಗಳು. ಕಟ್ಟಡಕ್ಕೆ 80 ಖೋಲಿ, ಒಂದೊಂದೂ ಸುಮಾರು 160 ಚದರ ಅಡಿ, ಶೌಚಾಲಯ ಎಲ್ಲರಿಗೂ ಸೇರಿ. ಸಿಮೆಂಟಿನ ಈ ಗೂಡುಗಳಿಗೆ ಮೊದಮೊದಲು ಬಾಡಿಗೆದಾರರೇ ಸಿಗಲಿಲ್ಲ. 1930ರ ಕಾನೂನು ಭಂಗ ಚಳವಳಿಯಲ್ಲಿ ವರಳಿಯ ಚಾಳುಗಳನ್ನು ಸರ್ಕಾರ ಸೆರೆಮನೆಯಾಗಿ ಬಳಸಿತು. ಮನೆಯೆಂದು ಕಟ್ಟಿದ್ದು ಜೈಲಿಗೂ ಸರಿಹೊಂದಿತು ಎಂದಮೇಲೆ ಹೆಚ್ಚು ವಿವರಿಸಬೇಕಿಲ್ಲ. ಅಂಥ ಖೋಲಿಯಲ್ಲಿ ಅಪ್ಪ ರಾತ್ರಿ ಪಾಳಿ ಮುಗಿಸಿ ಮಲಗಿದ್ದರೆ ಗಟ್ಟಿಯಾಗಿ ಪಾಠ ಹೇಳುವ ಮಾತೇ ಇಲ್ಲ.

ಇಂಥದೇ ಇಕ್ಕಟ್ಟಿನಿಂದ ಬಂದವರು ಅಂಬೇಡ್ಕರ್. ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ಮಗ ಬೇಗ ಮಲಗುತ್ತಿದ್ದ, ರಾತ್ರಿ 2 ಗಂಟೆಗೆ ತಂದೆ ರಾಮಜಿ ಎಬ್ಬಿಸಿ ಓದಲು ಕೂರಿಸುತ್ತಿದ್ದರು ಎಂದು ಜೀವನಚರಿತ್ರೆ ಬರೆದ ಧನಂಜಯ ಕೀರ್ ದಾಖಲಿಸಿದ್ದಾರೆ. ಶಾಲೆ ಬಿಟ್ಟ ಮೇಲೆ ಚರ್ನಿ ರೋಡ್ ಉದ್ಯಾನದಲ್ಲಿ ಓದುತ್ತಿದ್ದ ಆ ಹುಡುಗನನ್ನು ಗಮನಿಸಿ ಮಾತಾಡಿಸಿದವರು ಮೇಷ್ಟ್ರು ಕೃಷ್ಣಾಜಿ ಅರ್ಜುನ ಕೇಳುಸ್ಕರ್. 1907ರಲ್ಲಿ ಮೆಟ್ರಿಕ್ ಆಯಿತು. ಒಂಟಿ ಓದುಗನಂತೆ ಕಾಣುವ ಈ ಹುಡುಗನ ಹಿಂದೆಯೂ ನಿದ್ದೆಗೆಟ್ಟ ಒಬ್ಬ ಅಪ್ಪ, ಪುಸ್ತಕ ಕೊಟ್ಟ ಒಬ್ಬ ಮೇಷ್ಟ್ರು ಇದ್ದರು.

ಗುಂಪಿನ ಓದಿಗೆ ನಿಜವಾದ ಒತ್ತಡ ಬಂದದ್ದು 1975ರ ಹೊತ್ತಿಗೆ. ಅದಕ್ಕೂ ಮುಂಚೆ 11ನೇ ತರಗತಿಯ ಕೊನೆಗೆ ಬರುತ್ತಿದ್ದ ಎಸ್.ಎಸ್.ಸಿ.ಯಲ್ಲಿ ವಿಷಯ ಆರಿಸಿಕೊಳ್ಳಲು ಹೆಚ್ಚು ಅವಕಾಶವಿತ್ತು. ಮೊದಲ ಹತ್ತು ವರ್ಷ ಎಲ್ಲ ಮಕ್ಕಳೂ ವಿಜ್ಞಾನ, ಗಣಿತ ಕಲಿಯಲೇಬೇಕು ಎಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. ಮಹಾರಾಷ್ಟ್ರ 1975ರ ಮಾರ್ಚಿನಲ್ಲಿ ಹೊಸ ಪದ್ಧತಿಯ ಮೊದಲ 10ನೇ ತರಗತಿ ಪರೀಕ್ಷೆ ನಡೆಸಿತು. ತತ್ವವಾಗಿ ಒಳ್ಳೆಯದೇ. ಆದರೆ ಕಡ್ಡಾಯ ಮಾಡಿದಷ್ಟು ಬೇಗ ಪ್ರಯೋಗಶಾಲೆಗಳು ಬರಲಿಲ್ಲ.

ಮಹಾರಾಷ್ಟ್ರದಲ್ಲಿ ಓದಿದವರಿಗೆ ‘ಶಾಸ್ತ್ರೀಯ ಕಾರಣೆ ಲಿಹಾ’ ಎಂಬ ಪ್ರಶ್ನೆ ನೆನಪಿರಲೇಬೇಕು. ವೈಜ್ಞಾನಿಕ ಕಾರಣ ಕೊಡಿ. ಬಲ್ಬಿನ ತಂತಿಗೆ ಟಂಗ್‌ಸ್ಟನ್ ಯಾಕೆ? ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗುವುದಿಲ್ಲ, ಯಾಕೆ? ಸೋಡಿಯಂ ಲೋಹವನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುವುದೇಕೆ? ಇತಿಹಾಸವನ್ನು ಒಬ್ಬರೇ ಓದಿ ತಲೆಗೆ ತುಂಬಿಕೊಳ್ಳಬಹುದು. ‘ಯಾಕೆ’ ಎನ್ನುವುದಕ್ಕೆ ಕೇಳುವವನೊಬ್ಬ ಬೇಕು, ಹೇಳುವವನೊಬ್ಬ ಬೇಕು, ‘ಅಷ್ಟೇ ಅಲ್ಲ, ಗಾಳಿಯ ಆಮ್ಲಜನಕದ ಜೊತೆ ಕೂಡಲೇ ವರ್ತಿಸುತ್ತದೆ ಅಂತ ಬರಿ, ಇಲ್ಲದಿದ್ದರೆ ಅರ್ಧ ಮಾರ್ಕು’ ಎಂದು ತಿದ್ದುವ ಹಿಂದಿನ ವರ್ಷದವನೊಬ್ಬ ಬೇಕು. ಒಂದೇ ನವನೀತ್ ಗೈಡು, ಒಂದೇ ‘ಅಪೇಕ್ಷಿತ’ ಪ್ರಶ್ನೆಸಂಚು ನಾಲ್ಕೈದು ಕೈ ದಾಟುತ್ತಿದ್ದುದಕ್ಕೂ ಗುಂಪೇ ಅನುಕೂಲ.

ಸೋಡಿಯಂ ಪ್ರಶ್ನೆಯಲ್ಲೊಂದು ತಮಾಷೆಯಿದೆ. ಆ ಲೋಹವನ್ನು ಈ ಮಕ್ಕಳಲ್ಲಿ ಹೆಚ್ಚಿನವರು ಕಣ್ಣಾರೆ ಕಂಡವರಲ್ಲ. ಸೀಮೆಎಣ್ಣೆ ಮಾತ್ರ ರೇಷನ್ನಿನ ಸಾಲಿನಲ್ಲಿ ನಿಂತು ತಂದದ್ದು. ಆದರೆ ತಲೆಯ ಮೇಲೆ ಹಳದಿಯಾಗಿ ಉರಿಯುತ್ತಿದ್ದ ಬೀದಿದೀಪದೊಳಗೆ ಇದ್ದದ್ದು ಸೋಡಿಯಂ ಆವಿಯೇ. ಆ ಬೆಳಕಿನಲ್ಲಿ ಬಣ್ಣಗಳು ನಿಲ್ಲುವುದಿಲ್ಲ. ಹೃದಯದ ಚಿತ್ರದಲ್ಲಿ ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ ಎಂದು ಪುಸ್ತಕ ಮುದ್ರಿಸಿದ್ದರೂ ಕಂಬದ ಕೆಳಗೆ ಒಂದು ಕಂದು, ಇನ್ನೊಂದು ಕಪ್ಪು. ದಾರಿ ಬಾಯಲ್ಲಿ ಹೇಳಿಕೊಂಡೇ ಕಲಿಯಬೇಕು. ಮುಂಬಯಿಯ ಹಳದಿ ದೀಪಗಳು ಎಲ್.ಇ.ಡಿ. ಆಗತೊಡಗಿದಾಗ, 2015ರಲ್ಲಿ, ಮರೀನ್ ಡ್ರೈವಿನ ಅಂದ ಕೆಟ್ಟಿತೆಂದು ಊರೆಲ್ಲ ಜಗಳವಾಡಿತು. ಬಿಳಿ ಬೆಳಕಿನಲ್ಲಿ ಕೆಂಪು ಕೆಂಪಾಗಿ ಕಂಡದ್ದರ ಬಗ್ಗೆ ಯಾರೂ ಮಾತಾಡಿದ ಹಾಗಿಲ್ಲ.

ನಮ್ಮವರ ಪಾಲು ಇನ್ನೂ ರಾತ್ರಿಯದು. ದಕ್ಷಿಣ ಕನ್ನಡದಿಂದ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ಲೋಟ ತೊಳೆದ ಹುಡುಗರಿಗಾಗಿ ಮೊಗವೀರರು, ಬಿಲ್ಲವರು ಮೊದಲಾದವರ ಸಂಘಗಳು ಕನ್ನಡ ರಾತ್ರಿ ಶಾಲೆ ನಡೆಸಿದವು. ಹೆಚ್ಚಿನ ರಾತ್ರಿ ಶಾಲೆಗಳದು ಹಗಲು ಶಾಲೆಯ ಕಟ್ಟಡ. ಬೆಂಚು ಸಿಗುತ್ತಿತ್ತು, ಪ್ರಯೋಗಶಾಲೆಗೆ ಬೀಗ. ಮೂರು ಗಂಟೆಯೊಳಗೆ ಎಲ್ಲ ವಿಷಯ ಮುಗಿಯಬೇಕು. ಉಳಿದದ್ದು ಹೋಟೆಲು ಮುಚ್ಚಿದ ಮೇಲೆ, ಮಲಗುವ ಜಾಗದಲ್ಲೇ. ಹಗಲು ಗಿರಾಕಿಯ ಜೊತೆ ಹಿಂದಿ ಮರಾಠಿ, ತಮ್ಮತಮ್ಮಲ್ಲಿ ತುಳು, ಪರೀಕ್ಷೆಯ ಉತ್ತರ ಮಾತ್ರ ಕನ್ನಡದಲ್ಲಿ.

ಮರಾಠಿ ಮಾಧ್ಯಮದ ಗೆಳೆಯನ ಜೊತೆ ಕೂತರಂತೂ ಹೊಸ ತಕರಾರು. ಅವನಿಗೂ ಇವನಿಗೂ ‘ಆಮ್ಲ’ ಒಂದೇ. ಆದರೆ ಅವನ ಪುಸ್ತಕದಲ್ಲಿ ‘ಕ್ಷಾರ’ ಎಂದರೆ ಲವಣ. ಇವನಿಗೆ ಕ್ಷಾರ ಎಂದರೆ ಆಮ್ಲದ ಎದುರಾಳಿ. ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ಏನು ಬರುತ್ತದೆ ಎಂಬ ಸರಳ ಪ್ರಶ್ನೆಗೆ ಇಬ್ಬರೂ ಸರಿಯಾದ ಉತ್ತರ ಹೇಳಿ ಇಬ್ಬರೂ ಇನ್ನೊಬ್ಬನದು ತಪ್ಪೆನ್ನಬಹುದು. ಅಕ್ಕಲಕೋಟೆ, ಜತ್ತ ಕಡೆ ಕನ್ನಡದಲ್ಲೇ ಮಹಾರಾಷ್ಟ್ರ ಬೋರ್ಡಿನ ಪರೀಕ್ಷೆ ಬರೆದ ಓದುಗರಿಗೆ ಇದು ಹೊಸದಲ್ಲ.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು, ಬಹಳ ಮಂದಿ ಮತ್ತೆ ಒಳಹೋಗಲಿಲ್ಲ. ಅಪ್ಪನ ಮಗ್ಗ ಮಗನಿಗೆ ಎಂಬ ಭರವಸೆ ಅಲ್ಲಿಗೆ ಮುಗಿಯಿತು. ಇನ್ನು ಪ್ಯೂನ್ ಕೆಲಸವೋ ಐ.ಟಿ.ಐ.ಯೋ, ಕೇಳುವುದು ಹತ್ತನೆಯ ಮಾರ್ಕ್‌ಶೀಟು. ಫೇಲಾದವರು, ನಡುವೆ ಶಾಲೆ ಬಿಟ್ಟವರು ‘17 ನಂಬರ್ ಫಾರ್ಮ್’ ತುಂಬಿ ಹೊರಗಿನಿಂದ ಪರೀಕ್ಷೆ ಕಟ್ಟಬಹುದಿತ್ತು. ಅವರಿಗೆ ಶಾಲೆಯೂ ಇಲ್ಲ, ಮೇಷ್ಟ್ರೂ ಇಲ್ಲ. ವಿಜ್ಞಾನದಲ್ಲಿ 35 ದಾಟಿಸಬೇಕಾದದ್ದು ಗುಂಪೇ.

ಈ ಗುಂಪುಗಳನ್ನು ಹೊಗಳುವಾಗ ಒಂದು ಮಾತು ಬಿಡಬಾರದು. ರಾತ್ರಿಯ ಬೀದಿ ಬಹುಮಟ್ಟಿಗೆ ಹುಡುಗರ ಬೀದಿ. ಅದೇ ಖೋಲಿಯ ಹುಡುಗಿಗೆ ಸಿಕ್ಕದ್ದು ಚಾಳಿನ ಓಣಿ ಅಥವಾ ಮೆಟ್ಟಿಲು, ಅದೂ ಪಾತ್ರೆ ತೊಳೆದ ಮೇಲೆ. ಕಂಬದ ಕಥೆಯಲ್ಲಿ ಹುಡುಗಿ ಬರುವುದೇ ಇಲ್ಲ. ಅವಳಿಗೆ ದೀಪದಷ್ಟೇ ಹೊತ್ತಿನ ಕೊರತೆಯೂ ಇತ್ತು.

2025ರ ಆಗಸ್ಟಿನಲ್ಲಿ ವರಳಿಯ ಬಿ.ಡಿ.ಡಿ. ಚಾಳಿನ 556 ಕುಟುಂಬಗಳಿಗೆ ಹೊಸ ಗೋಪುರಗಳಲ್ಲಿ 500 ಚದರ ಅಡಿಯ ಮನೆಗಳ ಕೀಲಿ ಸಿಕ್ಕಿತು. ಎರಡು ಮಲಗುವ ಕೋಣೆ, ಮನೆಯೊಳಗೇ ಶೌಚಾಲಯ. ನೂರು ವರ್ಷ ತಡವಾದರೂ ಬಾಗಿಲು ಹಾಕಿಕೊಂಡು ಓದುವ ಜಾಗ ಬಂತು. ಆ ಬಾಗಿಲಿನ ಹಿಂದೆ ಅವಳು ಸಂಜೆಯಿಂದಲೇ ಓದಲು ಕೂರಬಹುದು. ಗಲ್ಲಿಯಲ್ಲಿ ಈಗ ಹತ್ತನೆಯವರ ಜೊತೆ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರೂ ಕೂರುತ್ತಾರೆ, ಮನೆ ಸಣ್ಣದಿರುವವರು ಮಾತ್ರವಲ್ಲ, ‘ಯಾಕೆ’ ಎಂದು ಕೇಳಲು ಪಕ್ಕದಲ್ಲೊಬ್ಬ ಬೇಕಾದವರೂ.