ಬಾಣಂತಿಯ ಮನಸ್ಸನ್ನು ಕೇಳಿದವರು

ವಿಜಯಪುರ ಜಿಲ್ಲೆಯ ತಿಕೋಟಾದ ಸುತ್ತಣ ದ್ರಾಕ್ಷಿ ತೋಟಗಳ ನಡುವಿನ ಒಂದು ಮನೆಯಲ್ಲಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳು, ಹೊರಸಿನ ಕೆಳಗೆ ಕೆಂಡದ ಕಾವು, ಮಗ್ಗುಲಲ್ಲಿ ತಿಂಗಳ ಕೂಸು, ತಾಟಿನಲ್ಲಿ ಹಡೆದವ್ವ ಕಟ್ಟಿದ ಅಂಟಿನ ಉಂಡಿ ಇವೆಲ್ಲವೂ ಇರುವಾಗಲೇ ಗೋಡೆಯತ್ತ ಹೊರಳಿ, "ಯವ್ವಾ, ಜೀವಕ್ಕ ಸಮಾಧಾನ ಇಲ್ಲ, ಕೂಸಿನ ಮಾರಿ ನೋಡಿದ್ರೂ ಏನೂ ಅನಸವಲ್ದು" ಎಂದು ನುಡಿದರೆ, ಆ ತಾಯಿ ಅಂಜಿ, "ಹಂಗ ಅನಬಾರದವಾ, ದೃಷ್ಟಿ ಆಗೇದ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುವಳು. ಆ ಉಪಚಾರದಲ್ಲಿ ಪ್ರೀತಿಗೆ ಕೊರತೆಯಿಲ್ಲ. ದೇಹಕ್ಕೆ ಸಲ್ಲುವ ಆರೈಕೆಯಲ್ಲಿ ಮನಸ್ಸಿಗೂ ಒಂದು ಪಾಲು ಸಲ್ಲಬೇಕೆಂಬುದನ್ನು ವೈದ್ಯಶಾಸ್ತ್ರವೇ ಬಹು ವಿಳಂಬವಾಗಿ ಅರಿತಿತೆಂಬುದನ್ನು ನೆನೆದರೆ, ಆಕೆಯನ್ನು ದೂಷಿಸಲು ಯಾರಿಗೂ ಮನಸ್ಸು ಬಾರದು.

ಗರ್ಭಿಣಿಯನ್ನು, ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ಕಲಕದೆ ಒಯ್ಯುವಂತೆ ಉಪಚರಿಸಬೇಕೆಂದು ಚರಕಸಂಹಿತೆ ವಿಧಿಸಿದೆ. ನಮ್ಮ ಜನವೂ 'ಬಾಣಂತಿ ಸನ್ನಿ' ಎಂಬ ಮಾತನ್ನು ಬಲ್ಲರು. ಆದರೆ ಆ ಮಾತು ಎದ್ದೋಡುವ, ಅಸಂಬದ್ಧವಾಗಿ ಆಡುವ ಉಗ್ರಾವಸ್ಥೆಗೆ ಮಾತ್ರ ಸಲ್ಲುತ್ತದೆ. ಹೆರಿಗೆಯ ಮೊದಲ ದಿನಗಳಲ್ಲಿ ಬಂದು ಎರಡು ವಾರದೊಳಗೆ ತಾನಾಗಿ ಕರಗುವ ಅಳುವಿಗಾಗಲಿ, ತಿಂಗಳುಗಟ್ಟಲೆ ಕುಳಿತುಬಿಡುವ ಖಿನ್ನತೆಗಾಗಲಿ, 'ಕೂಸು ಉಸಿರಾಡುತ್ತಿದೆಯೋ ಇಲ್ಲವೋ' ಎಂದು ಇರುಳೆಲ್ಲ ಎಚ್ಚರವಿರಿಸುವ ಆತಂಕಕ್ಕಾಗಲಿ ಪ್ರತ್ಯೇಕವಾದ ಹೆಸರಿರಲಿಲ್ಲ. ಹೆಸರಿಲ್ಲದ ನೋವನ್ನು ಹೇಳಿಕೊಳ್ಳುವುದೂ ದುಸ್ತರ.

ಪಾಶ್ಚಾತ್ಯ ದೇಶಗಳಲ್ಲಿಯೂ ದೃಷ್ಟಿ ಮೊದಲು ಬಿದ್ದುದು ಉಗ್ರಾವಸ್ಥೆಯ ಮೇಲೆಯೇ. 1858ರಲ್ಲಿ ಫ್ರಾನ್ಸಿನ ಲೂಯಿ ವಿಕ್ತೋರ್ ಮಾರ್ಸೆ ಗರ್ಭಿಣಿಯರ ಹಾಗೂ ಬಾಣಂತಿಯರ ಮನೋರೋಗಗಳನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ರಚಿಸಿದನು. ಚಿಕಿತ್ಸೆಗೆ ಬಂದ ತಾಯಿಯನ್ನು ಕೂಸಿನಿಂದ ಅಗಲಿಸುವ ರೂಢಿ ಮಾತ್ರ ಬಹುಕಾಲ ಉಳಿಯಿತು; 1948ರಲ್ಲಿ ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ಥಾಮಸ್ ಮೇನ್ ತಾಯಿಯೊಡನೆ ಮಗುವಿಗೂ ಎಡೆಗೊಟ್ಟನು. 1968ರಲ್ಲಿ ಬ್ರೈಸ್ ಪಿಟ್ ಸದ್ದಿಲ್ಲದ ಖಿನ್ನತೆಯತ್ತ ಗಮನ ಸೆಳೆದನು. 1987ರಲ್ಲಿ ಜಾನ್ ಕಾಕ್ಸ್ ಮತ್ತು ಸಂಗಡಿಗರು ರೂಪಿಸಿದ ಎಡಿನ್‌ಬರೋ ಪ್ರಶ್ನಾವಳಿಯು, ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಯಿತೇ, ಕಾರಣವಿಲ್ಲದೆ ಅಂಜಿಕೆಯಾಯಿತೇ, ದುಃಖದಿಂದ ನಿದ್ದೆ ಕೆಟ್ಟಿತೇ ಎಂಬಂಥ ಹತ್ತೇ ಸರಳ ಪ್ರಶ್ನೆಗಳಿಂದ, ವೈದ್ಯನ ಊಹೆಯ ಸ್ಥಾನದಲ್ಲಿ ತಾಯಿಯ ಮಾತನ್ನು ಕೂಡಿಸಿತು. ಈ ಪ್ರಶ್ನೆಗಳು ಕನ್ನಡಕ್ಕೂ ಬಂದು, ಕರ್ನಾಟಕದ ಹಳ್ಳಿಗಳ ಗರ್ಭಿಣಿಯರಲ್ಲಿ ಪರೀಕ್ಷಿತವಾಗಿ, 2011ರಲ್ಲಿ ಆ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು.

ಭಾರತದಲ್ಲಿ ಕಣ್ಣು ತೆರೆಸಿದ ಅಧ್ಯಯನಗಳಲ್ಲಿ ನೆರೆಯ ಗೋವೆಯದು ಮುಖ್ಯವಾದುದು. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಆ ವರದಿಯಂತೆ, ಹೆರಿಗೆಯಾಗಿ ಆರರಿಂದ ಎಂಟು ವಾರಗಳಾದ ತಾಯಂದಿರಲ್ಲಿ ಶೇ. 23 ಮಂದಿ ಖಿನ್ನರಾಗಿದ್ದರು, ಅವರಲ್ಲಿ ಶೇ. 78 ಮಂದಿಗೆ ಮನೋಕ್ಲೇಶವು ಬಸಿರಿನಲ್ಲಿಯೇ ಇದ್ದಿತು. ದಾರಿದ್ರ್ಯ, ಗಂಡನ ಹಿಂಸೆ, ಗಂಡುಮಗುವಿನ ಹಂಬಲದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು ಇವು ಕಾಯಿಲೆಯ ಬೇರುಗಳೆಂದು ತೋರಿದಾಗ, ಈ ವ್ಯಥೆಯ ಹೊಣೆ ಬಾಣಂತಿಯೊಬ್ಬಳದೇ ಅಲ್ಲವೆಂಬುದು ಸ್ಪಷ್ಟವಾಯಿತು. 2009ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಾಯಿ–ಮಗುವಿನ ಒಳರೋಗಿ ವಿಭಾಗವನ್ನು ತೆರೆಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು, ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದೆಂದಿತು.

ಚಿಕಿತ್ಸೆಗೆ ಮನೋವೈದ್ಯನೇ ಬೇಕೆಂಬ ನಂಬಿಕೆಯನ್ನು ಅಲುಗಿಸಿದುದು ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳು. ಅಲ್ಲಿ ಅತೀಫ್ ರಹಮಾನ್ ಮತ್ತು ಸಂಗಡಿಗರು ಊರಿನ ಆರೋಗ್ಯ ಕಾರ್ಯಕರ್ತೆಯರಿಗೇ, ಖಿನ್ನಳಾದ ತಾಯಿಯ ಮಾತನ್ನು ಆಲಿಸುವ, ನಿರಾಶೆಯ ಎಣಿಕೆಗಳನ್ನು ಆಕೆಯೊಡನೆ ಬಿಡಿಸಿನೋಡುವ, ಮನೆಮಂದಿಯನ್ನು ಜೊತೆಗೂಡಿಸುವ ವಿಧಾನವನ್ನು ಕಲಿಸಿದರು. 2008ರ ವರದಿಯಂತೆ, ಆರು ತಿಂಗಳಾಗುವಷ್ಟರಲ್ಲಿ, ಇಂಥ ನೆರವು ಪಡೆದವರಲ್ಲಿ ಶೇ. 23 ಮಂದಿ ಮಾತ್ರ ಖಿನ್ನರಾಗಿ ಉಳಿದಿದ್ದರೆ, ಪಡೆಯದವರಲ್ಲಿ ಆ ಪ್ರಮಾಣ ಶೇ. 53 ಆಗಿದ್ದಿತು.

ಈ ಬೆಳಕಿನಲ್ಲಿ ನೋಡಿದರೆ, ನಮ್ಮ ಸೀಮೆಯಲ್ಲಿ ಸಾಧನಗಳೇ ಇಲ್ಲವೆನ್ನಲಾಗದು. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ಪ್ರಥಮ ಪ್ರಯೋಗ ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ನಡೆದುದು ನಮ್ಮ ಬಳ್ಳಾರಿಯಲ್ಲಿಯೇ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು. ಆಶಾ ಕಾರ್ಯಕರ್ತೆಯು ಹೆರಿಗೆಯಾದ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಸಲ ಬಾಣಂತಿಯ ಮನೆಗೆ ಬರುತ್ತಾಳೆ. ಆದರೆ ಕಾಯಿಲೆ ಆ ಎಣಿಕೆಗೆ ನಿಲ್ಲದು. ತವರಿನ ಬಾಣಂತನ ಮುಗಿದು ತೊಟ್ಟಿಲೊಡನೆ ಗಂಡನ ಮನೆಗೆ, ಎಷ್ಟೋ ವೇಳೆ ಗಡಿಯಾಚೆ ಮಹಾರಾಷ್ಟ್ರದ ಜತ್ತ ಸೀಮೆಗೆ, ಸೊಸೆ ಹೊರಟಳೆಂದರೆ, ಆಕೆಯ ಮುಖವನ್ನು ಓದಬಲ್ಲ ತಾಯಿ, ಗೆಳತಿ, ಆಶಾ ಮೂವರೂ ಒಂದೇ ದಿನ ಹಿಂದೆ ಉಳಿಯುತ್ತಾರೆ. ಊರಿಂದೂರಿಗೆ ತಾಯಿ ಕಾರ್ಡು ಆಕೆಯೊಡನೆ ಹೋಗುವಂತೆ, ಆಕೆಯ ಮನಸ್ಸಿನ ಸಮಾಚಾರವೂ ಹೋಗಬೇಡವೇ? ಆ ಕಾರ್ಯ ಗಂಡನದು, ಅತ್ತೆಯದು, ಆ ಊರಿನ ಆಶಾಳದು. ಸಾಯಬೇಕೆಂಬ ಅಥವಾ ಕೂಸಿಗೆ ಕೇಡಾದೀತೆಂಬಂಥ ಮಾತು ಬಂದರೆ, ಇಲ್ಲದ ದನಿಗಳು ಕೇಳಿದರೆ, ಒಂಟಿಯಾಗಿ ಬಿಡದೆ ಅದೇ ದಿನ ವಿಜಯಪುರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವುದು ಎಲ್ಲರದು.

ಕೂಸನ್ನು ಜೋಳಿಗೆಯಲ್ಲಿಟ್ಟು ತೂಗಿ, ತೂಕವನ್ನು ಬರೆದುಕೊಂಡ ಆ ಕಾರ್ಯಕರ್ತೆ ಚೀಲವನ್ನು ಹೆಗಲಿಗೇರಿಸುವ ಮುನ್ನ ಹೊರಸಿನ ಅಂಚಿಗೆ ಕುಳಿತು, "ತಂಗಿ, ಕೂಸು ಮಲಗಿದಾಗ ನಿನಗ ನಿದ್ದಿ ಬರ್ತದೇನವಾ?" ಎಂದು ಕೇಳಿ, ಉತ್ತರಕ್ಕಾಗಿ ಕಾದರೆ, ಒಂದೂವರೆ ಶತಮಾನದ ಶಾಸ್ತ್ರವೆಲ್ಲ ಆ ಮನೆಯೊಳಗೆ ಬಂದು ಕುಳಿತಂತೆಯೇ ಸರಿ.