ಸುರಪುರದ ರಂಗಕ್ಕೆ ಎಂಪೈರ್ ಉಡುಪು: ಮೊದಲು ಇಸವಿ, ಆಮೇಲೆ ಕತ್ತರಿ

ಎದೆಯ ಕೆಳಗೇ ನಿಲ್ಲುವ ಸೊಂಟದ ಗೆರೆ, ಅಲ್ಲಿಂದ ಪಾದದವರೆಗೆ ನೇರವಾಗಿ ಇಳಿಯುವ ತೆಳು ಬಟ್ಟೆ. ಇದೇ ಎಂಪೈರ್ ಲೈನ್ ಉಡುಪು. ನೆಪೋಲಿಯನ್ನನ ಸಾಮ್ರಾಜ್ಯದಿಂದ (1804–1815) ಇದಕ್ಕೆ ಆ ಹೆಸರು ಬಂದಿದೆಯಾದರೂ ಈ ಶೈಲಿ 1790ರ ದಶಕದಲ್ಲೇ ಯುರೋಪಿನಲ್ಲಿ ಹಬ್ಬಿತ್ತು. 1820ರ ದಶಕದಲ್ಲಿ ಸೊಂಟದ ಗೆರೆ ಮತ್ತೆ ಸಹಜ ಸ್ಥಾನಕ್ಕೆ ಇಳಿಯಿತು.

ಇಂದಿನ ಯಾದಗಿರಿ ಜಿಲ್ಲೆಯ ಐತಿಹಾಸಿಕ ನಾಟಕಗಳಿಗೆ ಈ ಇಸವಿಗಳು ಮುಖ್ಯ. ಸುರಪುರದ ಕಥೆ ರಂಗವೇರಿದರೆ ಆಂಗ್ಲ ಪಾತ್ರಗಳೂ ಬರುತ್ತವೆ. ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಬೆಟ್ಟದ ಮೇಲಿನ ಅವನ ಬಂಗಲೆ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಬಂಡೆದ್ದದ್ದು 1858ರಲ್ಲಿ. ಈ ಎರಡೂ ಕಾಲಕ್ಕೆ ಎಂಪೈರ್ ಉಡುಪು ಹಳೆಯದಾಗಿತ್ತು. 1840ರ ದಶಕದಲ್ಲಿ ಬಿಗಿ ತೋಳು, ಕಿರಿದಾದ ಸೊಂಟ ಹಾಗೂ ಹಲವು ಒಳಲಂಗಗಳ ಮೇಲೆ ಗಂಟೆಯಂತೆ ಉಬ್ಬಿದ ಲಂಗ ವಾಡಿಕೆಯಲ್ಲಿದ್ದವು. 1856ರ ನಂತರ ಉಕ್ಕಿನ ಬಳೆಗಳ ಕ್ರಿನೊಲಿನ್ ಬಂದಿತು.

ಎಂಪೈರ್ ಉಡುಪು ಸಲ್ಲುವುದು ಒಂದು ತಲೆಮಾರು ಹಿಂದಿನ ಕಥೆಗೆ. ಉದಾಹರಣೆಗೆ, ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಹೈದರಾಬಾದಿನಲ್ಲಿ ರೆಸಿಡೆಂಟ್ ಆಗಿದ್ದ 1798–1805ರ ಅವಧಿ. ಅದೇ ಕಾಲದ ದಖನ್ನಿನ ದರ್ಬಾರಿ ಸ್ತ್ರೀಯರ ಪೇಶ್ವಾಜ್ ಉಡುಪಿನ ಸೊಂಟವೂ ಎದೆಯವರೆಗೆ ಏರಿತ್ತು. ಆದ್ದರಿಂದ ಎರಡೂ ಉಡುಪು ಒಂದೇ ದೃಶ್ಯದಲ್ಲಿ ಬಂದಾಗ ಬಟ್ಟೆ, ಕಸೂತಿ ಮತ್ತು ಒಡವೆಗಳಿಂದಲೇ ವ್ಯತ್ಯಾಸ ತೋರಿಸಬೇಕಾಗುತ್ತದೆ. ಗರುಡಾದ್ರಿ ಮನೆತನದ ಕಲಾವಿದರಿಂದ ಹೆಸರಾದ ಸುರಪುರ ಚಿತ್ರಶೈಲಿ ದೇಶೀ ಪಾತ್ರಗಳ ಅಲಂಕಾರಕ್ಕೆ ನೆರವಾಗಬಲ್ಲದು. ಐರೋಪ್ಯ ಉಡುಪಿನ ಕತ್ತರಿಕೆಗೆ, ಉಳಿದುಬಂದ ಮೂಲ ವಸ್ತ್ರಗಳನ್ನು ಅಳೆದು ಜಾನೆಟ್ ಆರ್ನಾಲ್ಡ್ ಸಿದ್ಧಪಡಿಸಿದ ‘ಪ್ಯಾಟರ್ನ್ಸ್ ಆಫ್ ಫ್ಯಾಷನ್’ (1964) ಇಂದಿಗೂ ಆಧಾರಗ್ರಂಥ.

ಹೊಲಿಗೆಯ ಕ್ರಮ

ಅಗ್ಗದ ಬಟ್ಟೆಯಲ್ಲಿ ಮೊದಲೊಂದು ಮಾದರಿ ಹೊಲಿದು ನಟಿಗೆ ತೊಡಿಸಿ ನೋಡುವುದು ಒಳಿತು. ಬೆನ್ನಿನ ತುಂಡು ಕಿರಿದಾಗಿರಬೇಕು. ತೋಳನ್ನು ಹಿಂದಕ್ಕೆ ಸರಿಸಿ ಕೂಡಿಸಬೇಕು. ಆಗಲೇ ಭುಜ ಹಿಂದೆಳೆದ ಆ ಕಾಲದ ನಿಲುವು ತಾನಾಗಿ ಮೂಡುತ್ತದೆ. ಲಂಗದ ಮುಂಭಾಗ ಸಪಾಟಾಗಿದ್ದು, ನೆರಿಗೆಗಳೆಲ್ಲ ಬೆನ್ನಿನ ನಡುವೆ ಸೇರಬೇಕು. ಎದೆಯನ್ನು ಎತ್ತಿ ಹಿಡಿಯುವ ಒಳಕಟ್ಟು ಇಲ್ಲದಿದ್ದರೆ ಉಡುಪು ರಾತ್ರಿಯ ನಿಲುವಂಗಿಯಂತೆ ಕಾಣುತ್ತದೆ.

ಅಂದು ಬಂಗಾಳದ ಮಸ್ಲಿನ್ ಯುರೋಪಿನಲ್ಲಿ ಬಹು ಬೇಡಿಕೆಯ ಬಟ್ಟೆಯಾಗಿತ್ತು. ಇಂದು ನಯವಾದ ಹತ್ತಿಯ ಮಲ್‌ಮಲ್ ಸಾಕು. ಒಂದು ಉಡುಪಿಗೆ ಸಾಮಾನ್ಯವಾಗಿ 4ರಿಂದ 5 ಮೀಟರ್ ಬೇಕಾಗುತ್ತದೆ. ರಂಗದ ದೀಪಗಳಿಗೆ ತೆಳುಬಟ್ಟೆ ಪಾರದರ್ಶಕವಾಗುವುದರಿಂದ ಒಳಲಂಗ ಕಡ್ಡಾಯ. ಬೇಗ ಬದಲಿಸಲು ಬೆನ್ನಿನಲ್ಲಿ ಮರೆಯಾದ ಕೊಕ್ಕೆಗಳನ್ನೂ, ಮುಂದಿನ ಪ್ರಯೋಗದ ನಟಿಗೆ ಹೊಂದಿಸಲು ಹೊಲಿಗೆಯಲ್ಲಿ ಹೆಚ್ಚುವರಿ ಬಟ್ಟೆಯನ್ನೂ ಬಿಡುವುದು ಜಾಣತನ.

ಪ್ರೇಕ್ಷಕರಿಗೆ ಉಡುಪಿನ ಹೆಸರು ತಿಳಿದಿರಬೇಕಿಲ್ಲ. ಆದರೆ 1858ರ ದೃಶ್ಯಕ್ಕೆ 1805ರ ಉಡುಪು ಬಂದರೆ, ಆ ಊರಿನ ಇತಿಹಾಸವೇ ಅರ್ಧ ಶತಮಾನ ಹಿಂದೆ ಸರಿದಂತಾಗುತ್ತದೆ.