ಮೋಟಾರು ಗಾಡಿಯ ರೇಡಿಯೋ: ದೋಷ ಎಲ್ಲಿದೆ?

ಸಂಜೆಯ ವಾರ್ತೆಯನ್ನು ಕೇಳುತ್ತಿರುವಾಗ ಬೀದಿಯಲ್ಲಿ ಹಳೆಯ ಸ್ಕೂಟರೊಂದು ಹಾದುಹೋದರೆ ರೇಡಿಯೋದಲ್ಲಿ ಪಟಪಟನೆ ಸದ್ದು ಕೇಳಿಬರುವುದುಂಟು. ಆಗ ತಪ್ಪು ರೇಡಿಯೋದ್ದೂ ಅಲ್ಲ, ನಿಲಯದ್ದೂ ಅಲ್ಲ. ಎಂಜಿನಿನಲ್ಲಿ ಪೆಟ್ರೋಲನ್ನು ಹೊತ್ತಿಸುವ ಪ್ರತಿಯೊಂದು ಕಿಡಿಯೂ ಒಂದು ಪುಟ್ಟ ಪ್ರೇಷಕ ಯಂತ್ರದಂತೆ ಸುತ್ತಲೂ ತರಂಗಗಳನ್ನು ಹರಡುತ್ತದೆ. ಸ್ಕೂಟರು ಕ್ಷಣದಲ್ಲಿ ಮರೆಯಾಗುತ್ತದೆ, ಸದ್ದೂ ಅಡಗುತ್ತದೆ. ಆದರೆ ರೇಡಿಯೋವನ್ನು ವಾಹನದೊಳಗೇ, ಎಂಜಿನಿಗೆ ಮೊಳದ ದೂರದಲ್ಲಿ, ಕೂರಿಸಿದರೆ ಗತಿಯೇನು?

ಈ ಪ್ರಶ್ನೆಯನ್ನು ಎದುರಿಸಿದವರಲ್ಲಿ ಅಮೆರಿಕದ ಷಿಕಾಗೋ ನಗರದ ಪಾಲ್ ಗ್ಯಾಲ್ವಿನ್ ಮುಖ್ಯರು. 1930ರಲ್ಲಿ ಅವರು ತಮ್ಮ ಸ್ಟುಡಿಬೇಕರ್ ಗಾಡಿಗೆ ರೇಡಿಯೋವೊಂದನ್ನು ಜೋಡಿಸಿ, ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಒಯ್ದು ಎಲ್ಲರಿಗೂ ಕೇಳಿಸಿದರು. ಮೋಟಾರು ಗಾಡಿಯ ನೆನಪನ್ನು ಹೊತ್ತ 'ಮೋಟೊರೋಲಾ' ಎಂಬ ಹೆಸರು ಹುಟ್ಟಿದ್ದು ಆ ರೇಡಿಯೋಗೇ. ಕಿಡಿಯ ಗದ್ದಲವನ್ನು ಅಡಗಿಸಲು ಅಂದಿನ ತಜ್ಞರು ಕಂಡುಕೊಂಡ ಉಪಾಯಗಳು ಸರಳವಾದುವು. ಕಿಡಿಯ ತಂತಿಗಳಲ್ಲಿ ರೆಸಿಸ್ಟರುಗಳನ್ನು ಸೇರಿಸಿದರು. ಡೈನಮೋಗೆ ಕಂಡೆನ್ಸರು ಕಟ್ಟಿದರು. ರೇಡಿಯೋವನ್ನು ಲೋಹದ ಪೆಟ್ಟಿಗೆಯಲ್ಲಿಟ್ಟರು. ಉಳಿದ ಕೆಲಸವನ್ನು ಗಾಡಿಯ ಉಕ್ಕಿನ ಮೈಯೇ ಮಾಡಿತು. ಎಂಜಿನನ್ನು ಮುಚ್ಚಿದ ಉಕ್ಕಿನ ಹಾಳೆಯು ತರಂಗಗಳನ್ನು ಒಳಗೇ ತಡೆದು ನಿಲ್ಲಿಸುತ್ತಿತ್ತು.

ಆ ಉಕ್ಕಿನ ಮೈಯೇ ಇಲ್ಲದ ಗಾಡಿಯೊಂದು 1953ರಲ್ಲಿ ಬಂದಿತು. ಜನರಲ್ ಮೋಟಾರ್ಸ್ ಸಂಸ್ಥೆಯು ಆ ವರ್ಷದ ಜನವರಿಯಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿಟ್ಟ ಷೆವ್ರೊಲೆಟ್ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರು ಅದು. ಜೂನ್ ತಿಂಗಳ ಕೊನೆಗೆ ಫ್ಲಿಂಟ್ ಪಟ್ಟಣದಲ್ಲಿ ತಯಾರಿಕೆ ಮೊದಲಾಯಿತು. ಆ ವರ್ಷ ಸಿದ್ಧವಾದುವು 300 ಗಾಡಿಗಳು ಮಾತ್ರ. ಅದರ ಮೈಯನ್ನು ಗಾಜಿನ ನಾರು ಮತ್ತು ರಾಳದಿಂದ ಮಾಡಿದ್ದರು. ಇದರಿಂದ ರೇಡಿಯೋಗೆ ಒಂದು ಲಾಭವೂ ಆಯಿತು. ಗಾಜಿನ ನಾರು ತರಂಗಗಳನ್ನು ತಡೆಯದಾದುದರಿಂದ ಏರಿಯಲ್ಲಿನ ಬಲೆಯನ್ನು ಹಿಂಬದಿಯ ಮುಚ್ಚಳದೊಳಗೇ ಹುದುಗಿಸಲು ಸಾಧ್ಯವಾಯಿತು. ಹೊರಗೆ ಕಡ್ಡಿಯೇ ಕಾಣುತ್ತಿರಲಿಲ್ಲ.

ಆದರೆ ನಿಲಯದ ತರಂಗಕ್ಕೆ ತೆರೆದ ಬಾಗಿಲು ಕಿಡಿಯ ತರಂಗಕ್ಕೂ ತೆರೆದೇ ಇರುತ್ತದೆಯಷ್ಟೆ! ಆದುದರಿಂದ ಡಿಸ್ಟ್ರಿಬ್ಯೂಟರಿಗೂ ಕಿಡಿಯ ತಂತಿಗಳಿಗೂ ಪ್ರತ್ಯೇಕವಾಗಿ ಲೋಹದ ಕವಚಗಳನ್ನು ತೊಡಿಸಬೇಕಾಯಿತು. ಇನ್ನೊಂದು ತೊಡಕೂ ಇತ್ತು. ಸಾಮಾನ್ಯ ಗಾಡಿಯಲ್ಲಿ ಬ್ಯಾಟರಿಗೆ ವಿದ್ಯುತ್ತು ಮರಳುವುದು ಉಕ್ಕಿನ ಮೈಯ ಮೂಲಕವೇ. ಗಾಜಿನ ನಾರಿನಲ್ಲಿ ವಿದ್ಯುತ್ತು ಹರಿಯದು. ಹೀಗಾಗಿ ದೀಪವಾಗಲಿ ರೇಡಿಯೋವಾಗಲಿ, ಪ್ರತಿಯೊಂದರಿಂದಲೂ ಕೆಳಗಿನ ಉಕ್ಕಿನ ಚೌಕಟ್ಟಿಗೆ ಅರ್ತ್ ತಂತಿಯನ್ನು ಎಳೆಯಬೇಕು. ವರ್ಷಗಳು ಕಳೆದಂತೆ ಈ ತಂತಿಗಳ ತುದಿಗೆ ತುಕ್ಕು ಹಿಡಿಯಿತು. ಎಂಜಿನಿನ ದುರಸ್ತಿಗೆ ಬಿಚ್ಚಿದ ಕವಚಗಳು ಎಷ್ಟೋ ಗಾಡಿಗಳಲ್ಲಿ ಮರಳಿ ಕೂರಲೇ ಇಲ್ಲ. ಸದ್ದು ಮರುಕಳಿಸಿದಾಗ ದೂರು ಬಂದದ್ದು ಮಾತ್ರ ರೇಡಿಯೋದ ಮೇಲೆ.

ಈ ಕಥೆಯ ಮುಂದಿನ ಘಟ್ಟದಲ್ಲಿ ಭಾರತೀಯ ಮೂಲದವರೊಬ್ಬರ ಹೆಸರು ಬರುತ್ತದೆ. ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ ನೋನಿ ಗೋಪಾಲ್ ಬೋಸರು 1920ರಲ್ಲಿ ಅಮೆರಿಕವನ್ನು ಸೇರಿದರು. ಅವರ ಮಗ ಅಮರ್ ಬೋಸ್ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇನ್ನೂ ಶಾಲಾ ಬಾಲಕನಾಗಿದ್ದಾಗಲೇ, ಮನೆಯ ನೆಲಮಾಳಿಗೆಯಲ್ಲಿ ರೇಡಿಯೋ ದುರಸ್ತಿ ಮಾಡಿ ಸಂಸಾರಕ್ಕೆ ನೆರವಾದರು. ಮುಂದೆ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿ, 1964ರಲ್ಲಿ ತಮ್ಮದೇ ಸಂಸ್ಥೆಯನ್ನು ಸ್ಥಾಪಿಸಿದರು. ಜನರಲ್ ಮೋಟಾರ್ಸಿನ ಡೆಲ್ಕೋ ವಿಭಾಗದೊಡನೆ ಸೇರಿ ಅವರು ರೂಪಿಸಿದ ಸ್ಟೀರಿಯೋ ಮೊದಲು 1983ರ ಮಾದರಿಯ ಕ್ಯಾಡಿಲಾಕ್ ಮೊದಲಾದ ಗಾಡಿಗಳಲ್ಲಿ ಬಂದು, 1984ರ ಹೊಸ ಕಾರ್ವೆಟ್ಟನ್ನೂ ಸೇರಿತು. ಗಾಡಿಯ ಗಾಜು, ಆಸನ, ಮೂಲೆಗಳ ಮೇಲೆ ನಾದ ಹೇಗೆ ಬಡಿದು ಮರಳುವುದೆಂದು ಅಳೆದು, ಅದಕ್ಕೆ ತಕ್ಕಂತೆ ಧ್ವನಿಯನ್ನು ಹೊಂದಿಸಿದುದು ಇದರ ವಿಶೇಷ. ನಾಲ್ಕು ಮೂಲೆಗಳಲ್ಲಿ ನಾಲ್ಕು ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯಲ್ಲಿಯೂ ಸ್ಪೀಕರಿನ ಜೊತೆಗೆ ಅದರದೇ ಆಂಪ್ಲಿಫೈಯರು.

ಇಂದು ಈ ಗಾಡಿಗಳಿಗೆ ನಲವತ್ತು ವರ್ಷಗಳ ವಯಸ್ಸು. ಒಂದು ಮೂಲೆ ಮೂಕವಾಗುತ್ತದೆ, ಇನ್ನೊಂದು ಗೊರಗೊರ ಎನ್ನುತ್ತದೆ. ರೇಡಿಯೋ ಕೆಟ್ಟಿತೆಂದು ಎಲ್ಲವನ್ನೂ ಕಿತ್ತೆಸೆದು ಹೊಸದನ್ನು ಹಾಕಿಸಿಕೊಂಡವರು ಅನೇಕರು. ಆದರೆ ಸ್ವಲ್ಪ ತಾಳ್ಮೆಯಿಂದ ವಿಚಾರಿಸಿದರೆ ದೋಷವು ತನ್ನ ಠಾವನ್ನು ತಾನೇ ಹೇಳುತ್ತದೆ. ಮೊದಲು ಎಂಜಿನನ್ನು ನಿಲ್ಲಿಸಿ ರೇಡಿಯೋವನ್ನು ಮಾತ್ರ ಹಾಕಬೇಕು. ಗದ್ದಲ ಅಡಗಿದರೆ ಅದು ಕಿಡಿಯಿಂದಲೋ ಚಾರ್ಜು ಮಾಡುವ ಯಂತ್ರದಿಂದಲೋ ಬಂದುದು. ಕವಚಗಳನ್ನೂ ಅರ್ತ್ ತಂತಿಗಳನ್ನೂ ನೋಡಬೇಕು. ಅಡಗದಿದ್ದರೆ, ಎಡಬಲಗಳ ಮತ್ತು ಹಿಂದುಮುಂದಿನ ಧ್ವನಿಯನ್ನು ಹಂಚುವ ಗುಂಡಿಗಳನ್ನು ತಿರುಗಿಸಿ ಒಂದೊಂದು ಮೂಲೆಯನ್ನೇ ಕೇಳಬೇಕು. ನಾಲ್ಕೂ ಮೂಕವಾಗಿದ್ದರೆ ಫ್ಯೂಸನ್ನೋ, ವಿದ್ಯುತ್ತು ಬರುವ ದಾರಿಯನ್ನೋ, ರೇಡಿಯೋವನ್ನೋ ಶಂಕಿಸಬೇಕು. ಒಂದೇ ಮೂಲೆಯಾದರೆ ಆ ಪೆಟ್ಟಿಗೆಯನ್ನೂ ಅದರ ತಂತಿಯನ್ನೂ ಮೊದಲು ನೋಡಬೇಕು.

ಪೆಟ್ಟಿಗೆಯನ್ನು ಬಿಚ್ಚಿದಾಗ ಅನೇಕ ವೇಳೆ ಸಿಕ್ಕಿಬೀಳುವುದು ಎಲೆಕ್ಟ್ರೊಲಿಟಿಕ್ ಕಂಡೆನ್ಸರು. ಬೆರಳ ತುದಿಯಷ್ಟಿರುವ ಈ ಡಬ್ಬಿಯೊಳಗಿನ ದ್ರವವು ಕಾಲಕ್ರಮದಲ್ಲಿ ಒಣಗುತ್ತದೆ. ಇಲ್ಲವೆ ಹೊರಗೆ ಸೋರಿ, ಹಲಗೆಯ ಮೇಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಕೊಳೆಯನ್ನು ಒರೆಸಿ, ಅದೇ ಅಳತೆಯ ಹೊಸ ಕಂಡೆನ್ಸರುಗಳನ್ನು ಬೆಸೆದರೆ ಪೆಟ್ಟಿಗೆ ಮತ್ತೆ ಹಾಡುವುದುಂಟು. ಅಲ್ಲಿ ಬೇರೊಂದು ಸ್ಪೀಕರನ್ನು ತಂದು ಕೂರಿಸಿದರೆ ಸದ್ದೇನೋ ಬಂದೀತು. ಆ ಮೂಲೆಗೆಂದೇ ಅಳೆದು ಹೊಂದಿಸಿದ ನಾದ ಮಾತ್ರ ಬರಲಾರದು.

ಅಮರ್ ಬೋಸರು 2013ರಲ್ಲಿ ತೀರಿಕೊಂಡರು. ಅವರ ಕಾಲದ ಆ ಪೆಟ್ಟಿಗೆಗಳನ್ನು ಬಿಚ್ಚಿ, ಒರೆಸಿ, ಬೆಸೆದು ಹಾಡಿಸುವ ಕುಶಲಿಗಳು ಇಂದಿಗೂ ಇದ್ದಾರೆ. ನೆಲಮಾಳಿಗೆಯಲ್ಲಿ ಕುಳಿತು ಆ ಬಾಲಕ ಮಾಡುತ್ತಿದ್ದುದೂ ಇದೇ ಕೆಲಸವನ್ನು.